ಚಿತ್ರೋತ್ಸವದಲ್ಲಿ ಮುರಿದ ರೊಟ್ಟಿ

ಮಧ್ಯಾಹ್ನದ ಮೇಲೆ ಪಾಠವಿಲ್ಲ, ಎಲ್ಲರೂ ಸಿನಿಮಾ ನೋಡಲು ಹೋಗಬೇಕು ಎಂದು ತುರೋಬ್ ಆಕಾ ಬಂದು ಹೇಳಿದಾಗ ನಾನು ಏಳನೆಯ ತರಗತಿಯ ಮಕ್ಕಳಿಗೆ ಭೂಪಟದಲ್ಲಿ ಸಿರ್ ದರಿಯಾ ನದಿ ತೋರಿಸುತ್ತಿದ್ದೆ. ತುರೋಬ್ ಆಕಾ ನಮ್ಮ ಶಾಲೆಯ ಹೆಡ್ಮಾಸ್ತರು; ನಮ್ಮಲ್ಲಿ ಗಂಡಸರನ್ನು ಆಕಾ, ಹೆಂಗಸರನ್ನು ಓಪಾ ಎಂದು ಮರ್ಯಾದೆಯಿಂದ ಕರೆಯುತ್ತೇವೆ. ಮನುಷ್ಯ ಕೆಟ್ಟವರಲ್ಲ, ಬೆನ್ನುಮೂಳೆ ಮಾತ್ರ ಇಲ್ಲ. ಮೇಲಿನವರ ಫೋನು ಬಂದರೆ ಕುರ್ಚಿಯಿಂದೆದ್ದು ನಿಂತು ಮಾತಾಡುತ್ತಾರೆ. ಅಂದು ತರಗತಿಯ ಬಾಗಿಲಲ್ಲೇ ನಿಂತು ಸುದ್ದಿ ಮುಟ್ಟಿಸಿ ಜಾಗ ಖಾಲಿ ಮಾಡಲು ನೋಡಿದರು. ಒಳಗೆ ಕಾಲಿಟ್ಟರೆ ನಾನು ಸುಮ್ಮನೆ ಬಿಡುವವಳಲ್ಲ ಎಂದು ಅವರಿಗೆ ಗೊತ್ತಿತ್ತು.

ನಾನೂ ಬಿಡಲಿಲ್ಲ, ಕಾರಿಡಾರಿನ ಕೊನೆಯವರೆಗೆ ಹಿಂದೆ ಬಿದ್ದೆ. ಇವತ್ತೊಂದು ದಿನ ನನ್ನನ್ನು ಬಿಟ್ಟುಬಿಡಿ, ಸಂಜೆ ಐದಕ್ಕೆ ಮನೆಗೆ ಜನ ಬರುತ್ತಾರೆ ಎಂದೆ. ಯಾವ ಜನ ಎಂದು ಕೇಳಿದರು. ಹೇಳಲಿಲ್ಲ. ಹೆಣ್ಣು ಕೇಳಲು ಬರುವವರ ಸುದ್ದಿಯನ್ನು ರೊಟ್ಟಿ ಮುರಿಯುವ ಮೊದಲೇ ಊರೆಲ್ಲ ಸಾರುವಷ್ಟು ಬುದ್ಧಿಗೇಡಿ ನಾನಲ್ಲ. ಯಾರ ಕಣ್ಣು ಎಂಥದೋ ಯಾರು ಬಲ್ಲರು. ಅಕ್ಕಪಕ್ಕದ ಮನೆಯವರಿಗೂ ಬಾಯಿಬಿಟ್ಟಿರಲಿಲ್ಲ. ಸಿನಿಮಾ ನಾಲ್ಕಕ್ಕೆಲ್ಲ ಮುಗಿಯುತ್ತದೆ ಸನೋಬರ್ ಓಪಾ, ನಾಲ್ಕೂವರೆಗೆ ನೀವು ಮನೆಯಲ್ಲಿ ಟೀ ಕುಡಿಯುತ್ತಿರುತ್ತೀರಿ ಎಂದು ಹೇಳಿ ಅವರು ಜಾರಿಕೊಂಡರು.

ಬರಬೇಕಾಗಿದ್ದವರು ಹೋಸಿಯತ್ ಓಪಾ ಮತ್ತು ಅವರ ಕಡೆಯ ಹೆಂಗಸರು. ಮಗ ಜಾಸುರ್‌ಗೆ ನನ್ನ ಮಗಳು ಮರ್ಜೋನಾಳನ್ನು ಕೇಳಿಕೊಂಡು ಎರಡು ಸಲ ಬಂದು ಹೋಗಿದ್ದರು. ಮೂರನೆಯ ಸಲ ಬರುವುದು ಉತ್ತರಕ್ಕೆ. ಹೆಣ್ಣಿನ ಕಡೆಯ ಹಿರಿಯರು ಒಪ್ಪಿದರೆ ಗಂಡಿನವರು ತಂದ ರೊಟ್ಟಿಯನ್ನು ಎರಡೂ ಕಡೆಯವರು ಕೂಡಿ ಮುರಿಯಬೇಕು, ಅಲ್ಲಿದ್ದವರೆಲ್ಲ ಒಂದೊಂದು ಚೂರು ತಿನ್ನಬೇಕು. ಅಲ್ಲಿಗೆ ಮುಗಿಯಿತು, ಆಮೇಲೆ ಮಾತು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಒಪ್ಪಿಗೆ ಇಲ್ಲದವರು ಬೇಡ ಎಂದು ಮುಖಕ್ಕೆ ಹೊಡೆದಂತೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಹೇಳಿದ ಹೊತ್ತಿಗೆ ಹಿರಿಯರು ಮನೆಯಲ್ಲಿ ಇರುವುದಿಲ್ಲ, ಅಷ್ಟೇ. ಬಂದವರು ಅರ್ಥ ಮಾಡಿಕೊಂಡು ತಂದ ಗಂಟನ್ನು ತಂದಂತೆಯೇ ವಾಪಸ್ ಒಯ್ಯುತ್ತಾರೆ. ನಮ್ಮ ಮನೆಯಲ್ಲಿ ಹಿರಿಯಳು ಅಂತ ಇರುವವಳು ನಾನೊಬ್ಬಳೇ. ಗಂಡ ತೀರಿಕೊಂಡು ಆರು ವರ್ಷವಾಯಿತು.

ಮರ್ಜೋನಾಗೆ ಇಪ್ಪತ್ತೆಂಟು. ನಮ್ಮ ಕೋಕಂದ್ ಊರಿನಲ್ಲಿ ಇಪ್ಪತ್ತೆಂಟು ಅಂದರೆ ಜನ ಮುಂದಿನ ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತಾರೆ. ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಅವಳು ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕುಳಿತು ಕಟ್ಟಿಸುವ ಹಲ್ಲು ತಯಾರಿಸುತ್ತಾಳೆ. ಊರಿನ ಅರ್ಧ ಮುದುಕರು ಮಾಂಸ ಅಗಿಯುವುದು ನನ್ನ ಮಗಳ ಕೈಕೆಲಸದಲ್ಲಿ. ಹೋಸಿಯತ್ ಓಪಾ ಅವಳನ್ನು ಮೊದಲು ನೋಡಿದ್ದೂ ಅಲ್ಲೇ, ಕೆಳಗಿನ ಸಾಲಿಗೆ ಹಲ್ಲು ಕಟ್ಟಿಸಲು ಹೋದಾಗ. ಹುಡುಗಿಯ ಕೈ ಎಷ್ಟು ಹಗುರ, ನನ್ನ ಮಗನಿಗೆ ಇಂಥವಳೇ ಬೇಕು ಎಂದರಂತೆ. ಹುಡುಗನದು ಟೈಲ್ಸ್ ಅಂಗಡಿ, ಸ್ವಂತ ಮನೆ, ಕುಡಿತ ಇಲ್ಲ. ನಾನು ಮರ್ಜೋನಾಳನ್ನು ಕೇಳಿದ್ದೆ. ನಿನಗೆ ಸರಿ ಅನಿಸಿದ್ದು ಮಾಡು ಅಮ್ಮ ಎಂದಿದ್ದಳು. ಮಗಳ ಬಾಯಲ್ಲಿ ಅದಕ್ಕಿಂತ ಹೆಚ್ಚಿನ ಒಪ್ಪಿಗೆ ಯಾರು ಕೇಳುತ್ತಾರೆ?

ಹೊರಡುವ ಮುಂಚೆ ಅವಳಿಗೆ ಫೋನು ಮಾಡಿ, ಅಂಗಳಕ್ಕೆ ನೀರು ಚಿಮುಕಿಸು, ದ್ರಾಕ್ಷಿ ತೊಳೆದಿಡು, ಗೇಟು ತೆರೆದೇ ಇರಲಿ, ನಾನು ಸಿನಿಮಾ ಮುಗಿಸಿ ಬಂದುಬಿಡುತ್ತೇನೆ ಎಂದೆ. ಆಮೇಲೆ ಎಲ್ಲ ಟೀಚರುಗಳ ಜೊತೆ ಸಾಲಾಗಿ 'ಸುಹೈಲ್' ಚಿತ್ರಮಂದಿರದ ಕಡೆ ನಡೆದೆ.

ಸುಹೈಲ್ ಕಟ್ಟಿ ನೂರು ವರ್ಷ ದಾಟಿದೆ. ಹತ್ತಿ ವ್ಯಾಪಾರಿಯೊಬ್ಬ ಕಟ್ಟಿಸಿದ ಸುಟ್ಟ ಇಟ್ಟಿಗೆಯ ಕಟ್ಟಡ, ಮಾಳಿಗೆಯ ಕೆಳಗೆ ಗಾರೆಯಲ್ಲಿ ಬಿಡಿಸಿದ ದಾಳಿಂಬೆ ಕೊಂಬೆ, ಒಳಗೆ ಕೆಂಪು ಬಾಲ್ಕನಿ. ಚಿಕ್ಕಂದಿನಲ್ಲಿ ನಾವು ಹಿಂದಿ ಸಿನಿಮಾ ನೋಡಿ ಲಂಗ ತೋಯುವಷ್ಟು ಅತ್ತದ್ದು ಅಲ್ಲೇ. ನನ್ನ ಗಂಡ ಮದುವೆಗೆ ಮೊದಲು ನನಗೆ ಸೂರ್ಯಕಾಂತಿ ಬೀಜದ ಪೊಟ್ಟಣ ಕೊಟ್ಟದ್ದೂ ಅದರ ಮೆಟ್ಟಿಲ ಮೇಲೆ. ನಡುವೆ ಹತ್ತು ಹದಿನೈದು ವರ್ಷ ಅದು ಕಾರ್ಪೆಟ್ಟಿನ ಗೋದಾಮಾಗಿತ್ತು. ಈಗ ಮೂರು ವರ್ಷದಿಂದ ಅಂತರರಾಷ್ಟ್ರೀಯ ಚಿತ್ರೋತ್ಸವ ಅಂತ ಮಾಡಿ ಅದಕ್ಕೆ ಸುಣ್ಣ ಬಣ್ಣ ಬಳಿದಿದ್ದಾರೆ, ಮೆಟ್ಟಿಲಿಗೆ ಕೆಂಪು ರತ್ನಗಂಬಳಿ ಹಾಸಿದ್ದಾರೆ. ಹೊರದೇಶದ ಅತಿಥಿಗಳಿಗೆ ಕಟ್ಟಡ ಇಷ್ಟ, ಕುತ್ತಿಗೆ ಮೇಲೆತ್ತಿ ಫೋಟೋ ತೆಗೆದುಕೊಳ್ಳುತ್ತಾರೆ. ಊರಿನವರು ಮಾತ್ರ ಅವರ ಸಿನಿಮಾಕ್ಕೆ ಬರುವುದಿಲ್ಲ. ಖಾಲಿ ಕುರ್ಚಿ ತೋರಿಸಿದರೆ ದೊಡ್ಡವರ ಮರ್ಯಾದೆ ಏನಾಗಬೇಕು? ಅದಕ್ಕೇ ಟೀಚರುಗಳು ಇರುವುದು.

"ಮೊದಲು ಸರ್ಕಾರದೋರು ಪಾಠ ಬಿಡಿಸಿ ಹತ್ತಿ ಬಿಡಿಸೋಕೆ ಕರ್ಕೊಂಡ್ ಹೋಗೋರು, ಈಗ ಸಿನಿಮಾ ನೋಡೋಕೆ," ಎಂದಳು ಪಕ್ಕದಲ್ಲಿ ನಡೆಯುತ್ತಿದ್ದ ಮಸ್ತೂರಾ. ಅವಳು ರಸಾಯನಶಾಸ್ತ್ರದ ಟೀಚರು, ನಮ್ಮ ಓಣಿಯವಳೇ, ನಾಲಿಗೆ ಕತ್ತರಿ. "ಹತ್ತಿ ಹೊಲದಲ್ಲಿ ಗಾಳಿಯಾದ್ರೂ ಬರ್ತಿತ್ತು ಕಣೇ."

ಬಾಗಿಲಲ್ಲಿ ಕಾವಲಿನ ಹುಡುಗರು ನಮ್ಮ ಫೋನುಗಳನ್ನೆಲ್ಲ ತೆಗೆದುಕೊಂಡರು. ಸಿನಿಮಾವನ್ನು ಯಾರೂ ಕದ್ದು ಚಿತ್ರೀಕರಿಸಬಾರದಂತೆ. ಚೀಲ ತಡಕಿ ಮಸ್ತೂರಾಳ ಹೆಣಿಗೆ ಕಡ್ಡಿಗಳನ್ನೂ ಕಸಿದುಕೊಂಡರು. ಒಳಗೆ ಹೋಗಿ ಕುಳಿತ ಮೇಲೆ ನೋಡುತ್ತೇನೆ, ಮುಂದಿನ ಎರಡು ಸಾಲು ಅತಿಥಿಗಳು, ಅವರ ಹಿಂದೆ ಇಡೀ ಊರಿನ ಮೇಡಂಗಳು. ಭಾಷಣ ಶುರುವಾಯಿತು. ಒಬ್ಬರಾದ ಮೇಲೆ ಒಬ್ಬರು ಎದ್ದು ಸಿನಿಮಾ ಎಂದರೆ ಜನಗಳ ನಡುವಿನ ಸೇತುವೆ ಎಂದರು. ಭಾಷಣ ಮುಗಿಯುವಾಗಲೇ ಗಂಟೆ ಮೂರು ದಾಟಿತ್ತು. ಹೋದ ವರ್ಷ ಭಾಷಣ ಮುಗಿದು ದೀಪ ಆರಿದ್ದೇ ತಡ, ನಾವೆಲ್ಲ ಕತ್ತಲಲ್ಲಿ ಕಾಲಿಗೆ ಬುದ್ಧಿ ಹೇಳಿದ್ದೆವು. ಸಿನಿಮಾ ಮುಗಿದು ದೀಪ ಹತ್ತಿದಾಗ ಒಳಗೆ ಉಳಿದವರು ಅತಿಥಿಗಳು ಮತ್ತು ನಿದ್ದೆ ಹೋಗಿದ್ದ ಸಂಗೀತದ ಮೇಷ್ಟ್ರು ಮಾತ್ರ. ಈ ಸಲವೂ ಹಾಗೇ ಮಾಡುವುದೆಂದು ನಾನು ಧೈರ್ಯವಾಗಿದ್ದೆ.

ದೀಪ ಆರಿತು. ಚಪ್ಪಲಿ ಕೈಗೆತ್ತಿಕೊಂಡು ಬಗ್ಗಿ ಬಗ್ಗಿ ಬಾಗಿಲ ತನಕ ಹೋದೆ. ತಳ್ಳಿದರೆ ಅಲುಗಲಿಲ್ಲ. ಪಕ್ಕದ ಬಾಗಿಲೂ ಅಷ್ಟೇ. ಹೊರಗಿನಿಂದ ಬೀಗ ಹಾಕಿದ್ದರು. ಬಾಗಿಲ ಸಂದಿಗೆ ಬಾಯಿಟ್ಟು ಕರೆದೆ. ಆಚೆಯಿಂದ ಉತ್ಸವದ ಕಚೇರಿಯವನು, ಟೈ ಕಟ್ಟಿದ ಎಳೆಯ ಗಂಡಸು, ಅತಿಥಿಗಳು ಹೊರಡುವ ತನಕ ತೆಗೆಯುವ ಹಾಗಿಲ್ಲ ಓಪಾ, ನನ್ನ ಕೆಲಸ ಹೋಗುತ್ತದೆ ಎಂದ. ಸಿನಿಮಾ ಎಷ್ಟು ಹೊತ್ತು ಎಂದೆ. ಮೂರು ಗಂಟೆ, ಆಮೇಲೆ ಚರ್ಚೆ ಎಂದ. ನಿನ್ನ ತಾಯಿಯ ವಯಸ್ಸಿನವಳು ನಾನು, ಸಂಜೆಯೊಳಗೆ ಮನೆ ಸೇರಲೇಬೇಕು ಎಂದು ಎಷ್ಟು ಬೇಡಿಕೊಂಡೆನೋ. ಅವನು ಅಲ್ಲೇ ನಿಂತಿದ್ದ, ಬೂಟು ಬಾಗಿಲ ಕೆಳಗಿನ ಸಂದಿಯಲ್ಲಿ ಕಾಣುತ್ತಿತ್ತು. ಅದು ಕದಲಲಿಲ್ಲ.

ವಾಪಸ್ ಬಂದು ಕುಳಿತೆ. ಇಷ್ಟು ಜನ ಓದಿದ ಹೆಂಗಸರು, ನಾಳೆ ಮಕ್ಕಳ ಎದುರು ನಿಂತು ಗಟ್ಟಿ ದನಿಯಲ್ಲಿ ಪಾಠ ಹೇಳುವವರು, ಕುರಿಗಳಂತೆ ಕೂಡಿಹಾಕಿಸಿಕೊಂಡು ಕುಳಿತಿದ್ದೇವಲ್ಲ, ಒಬ್ಬಳಾದರೂ ಎದ್ದು ನಾನು ಕೂರುವುದಿಲ್ಲ ಎಂದಳೇ? ನಾನೂ ಅನ್ನಲಿಲ್ಲ. ಮೊದಲು ಬೇರೆ ಯಾರಾದರೂ ಅನ್ನಲಿ ಎಂದು ಎಲ್ಲರೂ ಕಾಯುತ್ತಿದ್ದೆವು.

ಪರದೆಯ ಮೇಲೆ ದ್ವೀಪವೊಂದರಲ್ಲಿ ಮುದುಕನೊಬ್ಬ ದೋಣಿಗಾಗಿ ಕಾಯುತ್ತಿದ್ದ. ಸಮುದ್ರವಿಲ್ಲದ ನಾಡಿನವರು ನಾವು, ಮೊದಮೊದಲು ಆ ನೀರನ್ನು ಬಾಯಿ ತೆರೆದು ನೋಡಿದೆವು. ಆಮೇಲೆ ತಿಳಿಯಿತು, ಈ ಸಿನಿಮಾದಲ್ಲಿ ಇರುವುದು ಇಷ್ಟೇ. ಮುದುಕ ದಂಡೆಗೆ ಬರುತ್ತಾನೆ, ನೋಡುತ್ತಾನೆ, ಗುಡಿಸಲಿಗೆ ಹೋಗಿ ಮೀನು ಬೇಯಿಸುತ್ತಾನೆ, ಮತ್ತೆ ದಂಡೆಗೆ ಬರುತ್ತಾನೆ. ಅವನು ಅಪರೂಪಕ್ಕೆ ಆಡುವ ಮಾತನ್ನು ಒಬ್ಬ ಹುಡುಗಿ ಮೂಲೆಯಲ್ಲಿ ಮೈಕು ಹಿಡಿದು ಉಜ್ಬೇಕಿಯಲ್ಲಿ ಹೇಳುತ್ತಿದ್ದಳು, ರೈಲು ತಡವಾಗಿದೆ ಎಂದು ನಿಲ್ದಾಣದಲ್ಲಿ ಹೇಳುವ ದನಿಯಲ್ಲಿ. ಇವನಿಗೂ ಹೊರಗಿನಿಂದ ಬೀಗ ಹಾಕಿದ್ದಾರೆ ಎಂದು ಮಸ್ತೂರಾ ಗೊಣಗಿದಳು. ನನಗೆ ನಗು ಬರಲಿಲ್ಲ. ಕಣ್ಣು ಮುಚ್ಚಿದರೆ ನಮ್ಮ ತೆರೆದ ಗೇಟು, ಹೋಸಿಯತ್ ಓಪಾ ಒಳಗೆ ಇಣುಕಿ ನೋಡುವುದು, ಮರ್ಜೋನಾ ಒಬ್ಬಳೇ ತಲೆ ತಗ್ಗಿಸಿ ನಿಂತಿರುವುದು, ಇವೇ ಕಾಣುತ್ತಿದ್ದವು. ಹೋಸಿಯತ್ ಓಪಾ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು ಇರುವ ಹೆಂಗಸು, ನಾಲ್ಕನೆಯ ಸಲ ಬರುವುದು ಕನಸಿನ ಮಾತು. ಮೂರನೆಯ ಸಂಬಂಧವೂ ತಪ್ಪಿತೆಂದರೆ ಆ ಹುಡುಗಿಯ ಬಾಗಿಲಿಗೆ ಮತ್ತೆ ಯಾರು ಬರುತ್ತಾರೆ?

ಆಗ ಪರದೆಯ ಹಿಂದಿನ ಬಾಗಿಲು ನೆನಪಾಯಿತು. ಸುಹೈಲ್‌ಗೆ ಹಿಂದೆ ಒಂದು ತೋಟವಿತ್ತು, ಬೇಸಿಗೆಯಲ್ಲಿ ಅಲ್ಲಿ ಬಯಲಲ್ಲೇ ಸಿನಿಮಾ ಹಾಕುತ್ತಿದ್ದರು. ಆ ತೋಟಕ್ಕೆ ಪರದೆಯ ಹಿಂದಿನಿಂದ ಒಂದು ಕುಳ್ಳ ಬಾಗಿಲಿತ್ತು. ಟಿಕೆಟ್ಟಿಲ್ಲದೆ ನಾವು ಹುಡುಗಿಯರು ನುಸುಳುತ್ತಿದ್ದದ್ದು ಅದರಲ್ಲೇ. ಬಚ್ಚಲಿಗೆ ಹೋಗಿ ಬರುತ್ತೇನೆ ಎಂದು ಮಸ್ತೂರಾಗೆ ಹೇಳಿ ಎದ್ದೆ. ಗೋಡೆ ತಡವಿಕೊಂಡು, ಪಕ್ಕದ ಮೆಟ್ಟಿಲು ಹತ್ತಿ, ಪರದೆಯ ಹಿಂದಕ್ಕೆ ಹೋದೆ.

ಅಲ್ಲಿ ಧೂಳು, ಹಗ್ಗ, ಹಳೆಯ ಸ್ಪೀಕರಿನ ಪೆಟ್ಟಿಗೆಗಳು. ನನ್ನ ತಲೆಯ ಮೇಲೆ ಸಮುದ್ರ ಹಿಂದುಮುಂದಾಗಿ ಹರಿಯುತ್ತಿತ್ತು, ಅದರ ಸದ್ದು ಎದೆಗೆ ಗುದ್ದುತ್ತಿತ್ತು. ಪರದೆಯ ಸಣ್ಣ ಸಣ್ಣ ತೂತುಗಳ ಆಚೆ ಸಭೆ ಮಂಕಾಗಿ ಕಾಣುತ್ತಿತ್ತು. ಸಾಲು ಸಾಲು ಹೆಂಗಸರು, ಅರ್ಧ ಜನಕ್ಕೆ ನಿದ್ದೆ, ಇನ್ನರ್ಧ ಜನ ನನ್ನ ಕಡೆಗೇ ದಿಟ್ಟಿಸುತ್ತಿದ್ದರು. ಅವರು ನೋಡುತ್ತಿದ್ದದ್ದು ಮುದುಕನನ್ನು ಎಂದು ಗೊತ್ತಿದ್ದರೂ ನನಗೆ ನಾಚಿಕೆಯಾಯಿತು. ಬಾಗಿಲಿದ್ದ ಜಾಗಕ್ಕೆ ಹೋಗಿ ಕೈಯಾಡಿಸಿದೆ. ಇಟ್ಟಿಗೆ. ಉತ್ಸವಕ್ಕೆಂದು ಹಳೆಯ ಕಟ್ಟಡ ಸರಿಪಡಿಸಿದ ಪುಣ್ಯಾತ್ಮರು ಬಾಗಿಲಿಗೆ ಗೋಡೆ ಎಬ್ಬಿಸಿ ಮೇಲೆ ಸುಣ್ಣ ಹೊಡೆದಿದ್ದರು.

ನಾನು ಆ ಗೋಡೆಗೆ ಹಣೆ ಕೊಟ್ಟು ನಿಂತು ಅತ್ತುಬಿಟ್ಟೆ. ಅಷ್ಟರಲ್ಲಿ ಕತ್ತಲಲ್ಲಿ ಯಾರೋ ಏದುಸಿರು ಬಿಡುತ್ತ ಬಂದು ನನಗೆ ಡಿಕ್ಕಿ ಹೊಡೆದರು. ಭಾರೀ ಮೈಯ ಹೆಂಗಸು, ಬಗಲಲ್ಲಿ ಬಟ್ಟೆಯ ಗಂಟು, ಕರಗಿದ ಬೆಣ್ಣೆಯ ವಾಸನೆ. ಪರದೆಯ ಮೇಲೆ ಬೆಳಗಾಯಿತು, ಆ ಬೆಳಕಿನಲ್ಲಿ ಮುಖ ಕಂಡಿತು.

"ಸನೋಬರ್ ಓಪಾ?" ಎಂದರು ಹೋಸಿಯತ್ ಓಪಾ. "ನೀವು ಮನೇಲಿಲ್ವಾ?"

"ನೀವು ನಮ್ಮನೇಲಿಲ್ವಾ?" ಎಂದೆ ನಾನು.

ಹೋಸಿಯತ್ ಓಪಾ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೋಣೆಯ ಹಿರಿಯ ನರ್ಸು. ಊರಿನ ಮಕ್ಕಳು ಅವರನ್ನು ಕಂಡರೆ ಚಡ್ಡಿ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಟೀಚರುಗಳಿಂದ ಸಭೆ ತುಂಬಲಿಲ್ಲ ಎಂದು ಕೊನೆಯ ಗಳಿಗೆಯಲ್ಲಿ ನರ್ಸುಗಳನ್ನೂ ಬಸ್ಸಿನಲ್ಲಿ ತುಂಬಿಕೊಂಡು ಬಂದು ಹಿಂದಿನ ಸಾಲುಗಳಲ್ಲಿ ಕೂರಿಸಿದ್ದರು. ಇಲ್ಲಿಂದಲೇ ನೇರ ನಮ್ಮ ಮನೆಗೆ ಬರುವುದೆಂದು ಅವರು ಬೆಳಿಗ್ಗೆ ತಂದೂರಿನಲ್ಲಿ ಸುಟ್ಟ ರೊಟ್ಟಿಗಳನ್ನು ಕೈಯಲ್ಲೇ ಹಿಡಿದಿದ್ದರು. ಕಾವಲಿನ ಹುಡುಗರು ಹಣ್ಣು ಕಸಿದುಕೊಂಡರಂತೆ, ರೊಟ್ಟಿ ದೇವರ ಸಮಾನ, ಅದನ್ನು ಮುಟ್ಟುವ ಧೈರ್ಯ ಯಾರಿಗೂ ಆಗಲಿಲ್ಲವಂತೆ. ದಾರಿಯಲ್ಲಿ ಕರೆದುಕೊಳ್ಳಬೇಕಿದ್ದ ಅವರ ಕಡೆಯ ಹೆಂಗಸರು ಅವರವರ ಮನೆಯಲ್ಲಿ ಕಾಯುತ್ತ ಕುಳಿತಿದ್ದರು. ಹೋಸಿಯತ್ ಓಪಾ ಕೂಡ ಸುಹೈಲ್‌ನ ಹುಡುಗಿಯೇ, ಆ ಕುಳ್ಳ ಬಾಗಿಲಲ್ಲಿ ನುಸುಳಿದವರೇ. ನಾವಿಬ್ಬರೂ ಆ ಗೋಡೆಯ ಮುಂದೆ ನಿಂತು ಒಂದು ಗಳಿಗೆ ಬಾಯಿ ಮುಚ್ಚಿಕೊಂಡು ನಕ್ಕೆವು. ನನಗಂತೂ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಬರುವವರೇ ಬರುವುದಿಲ್ಲವೆಂದರೆ ಸಂಬಂಧ ಇನ್ನೂ ಉಳಿದಿದೆ ಎಂದಾಯಿತಲ್ಲ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಾಳೆ ಬನ್ನಿ ಓಪಾ ಎಂದರೆ ಮುಗಿಯುತ್ತಿತ್ತು. ಆದರೆ ಹೋಸಿಯತ್ ಓಪಾ ನನ್ನ ಕೈ ಹಿಡಿದು ಹಿಂದಿನ ಸಾಲಿಗೆ ಕರೆದುಕೊಂಡು ಹೋಗಿ ತಮ್ಮ ಪಕ್ಕ ಕೂರಿಸಿಕೊಂಡರು, ಗಂಟನ್ನು ಮಡಿಲಲ್ಲಿ ಇಟ್ಟುಕೊಂಡರು. ರೊಟ್ಟಿ ಮನೆಯಿಂದ ಹೊರಟಾಗಿದೆ, ಮುರಿಯದೆ ವಾಪಸ್ ಒಯ್ದರೆ ಅಪಶಕುನ ಎಂದು ಕಿವಿಯಲ್ಲಿ ಹೇಳಿದರು. ಇಲ್ಲಾ ಎಂದು ನಾನು ಗೋಣು ಅಲ್ಲಾಡಿಸಿದೆ, ಇದು ಮನೆಯಲ್ಲಿ ಆಗಬೇಕಾದದ್ದು ಎಂದೆ. ಅಷ್ಟರಲ್ಲಿ ಅವರ ಆಚೆಗೆ ಕುಳಿತಿದ್ದ ನರ್ಸು ಬಗ್ಗಿ ನೋಡಿದಳು. ಅವಳಿಂದ ಅವಳ ಪಕ್ಕದವಳಿಗೆ, ಅಲ್ಲಿಂದ ಮುಂದಕ್ಕೆ, ಸಾಲಿಗೆ ಸಾಲೇ ಎಚ್ಚೆತ್ತುಕೊಂಡಿತು. ಬೇಸತ್ತು ಸತ್ತಿದ್ದ ಹೆಂಗಸರಿಗೆ ಕೊನೆಗೂ ನೋಡಲು ಏನೋ ಸಿಕ್ಕಿತ್ತು. ನನ್ನನ್ನು ಹುಡುಕಿಕೊಂಡು ಮಸ್ತೂರಾ ಬೇರೆ ಬಂದು ಪಕ್ಕದಲ್ಲಿ ವಕ್ಕರಿಸಿದಳು.

"ಒಂದು ಮಾತು ಮೊದಲೇ ಹೇಳ್ಬಿಡ್ತೀನಿ," ಎಂದರು ಹೋಸಿಯತ್ ಓಪಾ. "ಮದುವೆ ಆದ್ಮೇಲೆ ಹುಡುಗಿ ಆ ಹಲ್ಲಿನ ಕೆಲಸ ಬಿಡ್ಬೇಕು. ನಮ್ಮನೇಲಿ ಕೆಲಸ ಬೇಕಾದಷ್ಟಿದೆ. ಜಾಸುರ್‌ಗೂ ಇಷ್ಟ ಇಲ್ಲ. ನಿಮ್ಮದೇನೂ ಅಡ್ಡಿ ಇಲ್ವಲ್ಲ?"

ಮರ್ಜೋನಾ ಸಂಜೆ ಮನೆಗೆ ಬಂದು ಉಗುರಿನ ಸಂದಿಯ ಬಿಳಿ ಪುಡಿ ತೊಳೆಯುತ್ತ, ಇವತ್ತು ಒಬ್ಬ ಅಜ್ಜ ಕನ್ನಡಿ ನೋಡಿ ಅತ್ತುಬಿಟ್ಟ ಅಮ್ಮ ಎಂದು ಹೇಳುವುದುಂಟು. ಅದು ನನಗೆ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಅವಳನ್ನೊಂದು ಮಾತು ಕೇಳಿ ಹೇಳುತ್ತೇನೆ ಎಂಬ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಆ ಸಾಲಿನ ಕಣ್ಣುಗಳೆಲ್ಲ ನನ್ನ ಬಾಯಿಯ ಮೇಲೆ ನೆಟ್ಟಿದ್ದವು. ಈಗ ತಡೆದರೆ ನಾಳೆ ಊರಲ್ಲೆಲ್ಲ ಸುದ್ದಿ, ಸನೋಬರ್ ಮಗಳ ರೊಟ್ಟಿ ಮುರಿಯಲಿಲ್ಲವಂತೆ. ಬಾಗಿಲುಗಳಿಗೆ ಬೀಗ, ಎದ್ದು ಹೋಗುವುದಾದರೂ ಎಲ್ಲಿಗೆ? ನಾನು ಹೂಂ ಎಂದೆ.

ಹೋಸಿಯತ್ ಓಪಾ ಗಂಟು ಬಿಚ್ಚಿದರು. ಎಳ್ಳು ಉದುರಿಸಿದ ದುಂಡು ರೊಟ್ಟಿಯ ಒಂದು ಅಂಚು ಅವರು ಹಿಡಿದರು, ಇನ್ನೊಂದು ಅಂಚು ನಾನು. ದೇವರ ಹೆಸರು ಹೇಳಿ ಎಳೆದೆವು. ಪರದೆಯ ಮೇಲೆ ಮುದುಕ ಮತ್ತೆ ಮೀನು ಬೇಯಿಸುತ್ತಿದ್ದ. ಚೂರುಗಳು ಕೈಯಿಂದ ಕೈಗೆ ಹೋದವು. ಮಧ್ಯಾಹ್ನದಿಂದ ಹೊಟ್ಟೆಗೆ ಹನಿ ನೀರಿಲ್ಲದ ಹೆಂಗಸರು, ಒಳ್ಳೆಯದಾಗಲಿ, ಒಳ್ಳೆಯದಾಗಲಿ ಎಂದು ಹರಸುತ್ತ ತಿಂದರು. ಮುಂದಿನ ಸಾಲಿನವರೂ ಹಿಂದಕ್ಕೆ ಕೈ ಚಾಚಿದರು. ಎರಡನೆಯ ರೊಟ್ಟಿಯೂ ಖಾಲಿಯಾಯಿತು. ಹೋಸಿಯತ್ ಓಪಾ ನನ್ನ ಮಗಳು ಕಟ್ಟಿದ ಹಲ್ಲಿನಲ್ಲಿ ನಿಧಾನವಾಗಿ ಅಗಿದು, ನನ್ನ ಕೆನ್ನೆಗೆ ಮುತ್ತಿಟ್ಟು, "ಬೀಗಿತ್ತೀ," ಎಂದು ಕರೆದರು. ನನಗೂ ಸಂತೋಷವಾಯಿತು. ಯಾಕೆ ಸುಳ್ಳು ಹೇಳಲಿ, ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು.

ದೋಣಿ ಕೊನೆಗೂ ಬರಲೇ ಇಲ್ಲ. ದೀಪ ಹತ್ತಿತು. ಸಿನಿಮಾ ಮಾಡಿದ ನಿರ್ದೇಶಕ, ಕೋಲೂರಿಕೊಂಡ ಬಿಳಿ ಗಡ್ಡದ ಮುದುಕ, ವೇದಿಕೆ ಹತ್ತಿ ನಮ್ಮತ್ತ ತಿರುಗಿದ. ಆಡಿಟೋರಿಯಂ ತುಂಬಾ ಜನ ಹಾಗೆಯೇ ಕುಳಿತಿದ್ದರು. ಅವನು ಒಂದೊಂದೇ ಸಾಲನ್ನು ಎಣಿಸುವಂತೆ ನೋಡಿದ. ಆಮೇಲೆ ಆಡಿದ್ದನ್ನು ಮೈಕಿನ ಹುಡುಗಿ ಹೇಳಿದಳು. ಈ ಚಿತ್ರವನ್ನು ಹಿಡಿದುಕೊಂಡು ಅವನು ಎಷ್ಟೋ ದೇಶ ಸುತ್ತಿದ್ದಾನಂತೆ. ಎಲ್ಲೆಲ್ಲೂ ನಡುವಿನಲ್ಲೇ ಜನ ಎದ್ದು ಹೋಗುತ್ತಾರಂತೆ, ಅವನಿಗೆ ಅದು ರೂಢಿಯಾಗಿಬಿಟ್ಟಿದೆಯಂತೆ. ಇಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ, ಕೊನೆಗೂ ನನ್ನ ಮನಸ್ಸನ್ನು ಅರ್ಥಮಾಡಿಕೊಂಡವರು ನೀವು ಎಂದು ಎದೆಯ ಮೇಲೆ ಕೈಯಿಟ್ಟು ಬಾಗಿದ. ನಾವೆಲ್ಲ ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆವು. ಆ ವಯಸ್ಸಾದ ಮನುಷ್ಯನಿಗೆ ಬೇರೆ ಏನು ಮಾಡಲು ಸಾಧ್ಯವಿತ್ತು? ಚಪ್ಪಾಳೆ ಮುಗಿದ ಮೇಲೆ ಬಾಗಿಲಿನ ಬೀಗ ತೆಗೆದರು.

ಮನೆಗೆ ಬಂದಾಗ ಏಳು ಗಂಟೆ. ಗೇಟು ನಾನು ಹೇಳಿದಂತೆ ಹಾರುಹೊಡೆದಿತ್ತು. ಅಂಗಳದ ಮರದ ಮಂಚದ ಮೇಲೆ ಅತಿಥಿಗಳಿಗೆಂದು ಹಾಸಿದ ಮೇಜುಬಟ್ಟೆ, ತಟ್ಟೆ ತಟ್ಟೆ ತಿಂಡಿ. ನಡುವೆ ಮರ್ಜೋನಾ ಕಾಲು ಇಳಿಬಿಟ್ಟು ಕುಳಿತು ದ್ರಾಕ್ಷಿ ತಿನ್ನುತ್ತಿದ್ದಳು. ತಲೆಯ ಬಟ್ಟೆ ತೆಗೆದುಹಾಕಿದ್ದಳು. ಏನೋ ಗುನುಗುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ಹಾಡಿಕೊಂಡದ್ದನ್ನು ನಾನು ಕೇಳಿರಲಿಲ್ಲ.

ನನ್ನನ್ನು ಕಂಡದ್ದೇ ಇಳಿದು ಓಡಿ ಬಂದು ತಬ್ಬಿಕೊಂಡಳು. ನಾನು ಸುದ್ದಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾತಾಡಿದಳು.

"ನೀನು ಬರಲೇ ಇಲ್ಲ," ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. "ಐದಾಯ್ತು, ನೀನಿಲ್ಲ. ಅವರೂ ಬರ್ಲಿಲ್ಲ. ಆಗ ಗೊತ್ತಾಯ್ತು, ನೀನು ಮೊದ್ಲೇ ಹೇಳಿ ಕಳಿಸಿದೀಯ ಅಂತ. ಸಿನಿಮಾ ಅಂತ ನೆಪ ಹೇಳಿ ಬೇಕಂತಲೇ ಹೊರಗೆ ಉಳ್ಕೊಂಡೆ ಅಲ್ವಾ ಅಮ್ಮ? ನನ್ನ ಮನಸ್ಸಲ್ಲಿರೋದು ನಿನಗೆ ಹೇಗೆ ಗೊತ್ತಾಯ್ತು? ನಾನು ಒಂದು ಮಾತೂ ಆಡಿರ್ಲಿಲ್ಲ."

ನನ್ನ ಕೈಗಳು ಅವಳ ಬೆನ್ನ ಮೇಲೆ ಹಾಗೇ ಇದ್ದವು. ಅವಳು ನನ್ನ ಹೆಗಲಿಗೆ ಮುಖವಿಟ್ಟು ಹೇಳುತ್ತಲೇ ಹೋದಳು. ನನ್ನನ್ನು ಬಿಟ್ಟು ಹೋಗಲು ಅವಳಿಗೆ ಹೆದರಿಕೆಯಿಲ್ಲವಂತೆ, ಮದುವೆಯೂ ಬೇಡವೆಂದಲ್ಲವಂತೆ. ಆ ಹುಡುಗನನ್ನು ಒಮ್ಮೆ ಚಹಾದಂಗಡಿಯಲ್ಲಿ ಭೇಟಿ ಮಾಡಿಸಿದ್ದೆವಲ್ಲ, ಆಗ ಅವನು ಅವಳ ಬೆರಳು ನೋಡಿ, ಸತ್ತವರ ಬಾಯಿಗೂ ಇದೇ ಕೈ ಹಾಕ್ತೀಯಾ ಎಂದು ಕೇಳಿ ನಕ್ಕನಂತೆ. ಅಮ್ಮ ಇಷ್ಟು ವರ್ಷ ಕಾದಿದ್ದಾಳೆ, ಹೇಗೆ ಬೇಡ ಅನ್ನಲಿ ಎಂದು ನುಂಗಿಕೊಂಡಳಂತೆ. ಈಗ ನಾನೇ ಅರ್ಥ ಮಾಡಿಕೊಂಡೆನಂತೆ.

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಹೇಳದೆ ಇರುವಂತಿರಲಿಲ್ಲ. ಬೀಗಿತ್ತಿಯ ಮನೆಯಲ್ಲಿ ಆಗಲೇ ಹಬ್ಬ ಶುರುವಾಗಿರುತ್ತದೆ, ಮಸ್ತೂರಾ ಓಣಿಯ ತುದಿಯಿಂದ ಒಂದೊಂದೇ ಮನೆ ಮುಟ್ಟಿಸಿಕೊಂಡು ಬರುತ್ತಿರುತ್ತಾಳೆ.

"ರೊಟ್ಟಿ ಮುರಿದಾಯ್ತು ಮಗಳೇ," ಎಂದೆ.

ಅವಳು ತಮಾಷೆ ಎಂದುಕೊಂಡು ನಕ್ಕಳು. ಎಲ್ಲಿ ಎಂದಳು. ಸಿನಿಮಾದಲ್ಲಿ ಎಂದೆ. ಮುಖ ನೋಡಿ ನಗು ನಿಲ್ಲಿಸಿದಳು. ನಾನು ಎಲ್ಲ ಹೇಳಿದೆ, ಬೀಗ, ಗೋಡೆ, ಕತ್ತಲಲ್ಲಿ ಸಿಕ್ಕ ಹೋಸಿಯತ್ ಓಪಾ. ಅವಳು ಕೇಳಿಸಿಕೊಂಡಳು.

"ಯಾರ್ಯಾರು ತಿಂದ್ರು?"

"ಇಡೀ ಸಾಲು ತಿಂದುಬಿಟ್ಟಿತು. ಮುಂದಿನ ಸಾಲೂ."

"ನನ್ನ ಕೆಲಸದ ಮಾತು ಬಂತಾ?"

"ಬಂತು."

"ಏನಂದೆ?"

ನಾನು ಚಪ್ಪಲಿ ಬಿಚ್ಚುವ ನೆಪದಲ್ಲಿ ಬಗ್ಗಿದೆ. ಅದೇ ಅವಳಿಗೆ ಉತ್ತರವಾಯಿತು. ಕೂಗಾಡಲಿ ಎಂದು ಕಾದೆ. ತಟ್ಟೆ ಎತ್ತಿ ಒಗೆಯಲಿ, ನಾನು ಒಲ್ಲೆ ಎಂದು ಒಂದು ಸಲ ಅನ್ನಲಿ, ಊರಿನ ಮುಂದೆ ನನ್ನ ಮಾನ ಹೋದರೂ ಹೋಗಲಿ, ಅವಳ ಕೈ ಹಿಡಿದು ಹೋಸಿಯತ್ ಓಪಾ ಮನೆಗೆ ಹೋಗಿ ತಪ್ಪಾಯಿತು ಅನ್ನುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಮನಸ್ಸಿನಲ್ಲಿ ಹೇಳಿಕೊಂಡೆ, ಬಾಯಲ್ಲಿ ಹೇಳಲಿಲ್ಲ. ಮೊದಲು ಅವಳು ಅನ್ನಲಿ ಎಂದು ಕಾದೆ. ಓಣಿಯಲ್ಲಿ ಹೆಂಗಸರ ನಗು, ಮಸ್ತೂರಾಳ ದನಿ ಹತ್ತಿರವಾಗುತ್ತಿತ್ತು.

ಮರ್ಜೋನಾ ಮಂಚದಿಂದ ತಲೆಯ ಬಟ್ಟೆ ತೆಗೆದುಕೊಂಡು ಕೊಡವಿ ಕಟ್ಟಿಕೊಂಡಳು. ದ್ರಾಕ್ಷಿಯ ತೊಟ್ಟುಗಳನ್ನು ಒಟ್ಟುಮಾಡಿದಳು, ಮೇಜುಬಟ್ಟೆಯ ಸುಕ್ಕು ಎಳೆದು ಸರಿಮಾಡಿದಳು. ನೀನು ಕೂತ್ಕೋ, ಬೆಳಿಗ್ಗೆಯಿಂದ ದಣಿದಿದ್ದೀಯ, ಟೀ ನಾನು ತರುತ್ತೇನೆ ಎಂದಳು. ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತಳು.

"ಆ ಎರಡು ಗಂಟೆ ಚೆನ್ನಾಗಿತ್ತಮ್ಮ," ಎಂದಳು. 

ಒಳಗೆ ಹೋದಳು. ಗೇಟಿನಲ್ಲಿ ಹೆಂಗಸರು ಬಂದು ನಿಂತಿದ್ದರು. ನಾನು ಎದ್ದು ಬನ್ನಿ, ಒಳಗೆ ಬನ್ನಿ ಎಂದು ಕರೆದೆ.